ರುದ್ರಪ್ಪನ ಡ್ರಮ್ಮಿನ ಗೆರೆಗಳು

ಸಂಗತಿ ಶುರುವಾದದ್ದು 2007ರ ಅಕ್ಟೋಬರ್ 2, ಮಂಗಳವಾರ, ಮಧ್ಯಾಹ್ನ 2 ಗಂಟೆ 40 ನಿಮಿಷದ ಆಸುಪಾಸಿನಲ್ಲಿ. ‘ಆಸುಪಾಸು’ ಎಂದು ಬರೆಯಬೇಕಾಗಿ ಬಂದದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ. ಆ ದಿನ ಉಳಿದ ಎಲ್ಲಕ್ಕೂ ನನ್ನ ದಿನಚರಿಯಲ್ಲಿ ಸರಿಯಾದ ಹೊತ್ತು ಇದೆ. 2:30ಕ್ಕೆ ಕರೆಂಟ್ ಪರೀಕ್ಷೆ, 2:50ಕ್ಕೆ ಸ್ಪೀಕರ್ ಪರೀಕ್ಷೆ. ನಡುವಿನ ಇಪ್ಪತ್ತು ನಿಮಿಷ ಖಾಲಿ. ಒಬ್ಬ ಮನುಷ್ಯನ ಹೆಸರು ಕೆಟ್ಟದ್ದು ಆ ಖಾಲಿ ಜಾಗದಲ್ಲಿ.

ಆಗ ನನಗೆ ಇಪ್ಪತ್ಮೂರು ವರ್ಷ. ರಾಣೆಬೆನ್ನೂರಿನ ಒಂದು ಸೌಂಡ್ ಸರ್ವಿಸ್ ಅಂಗಡಿಯಲ್ಲಿ ಆಪರೇಟರ್. ಮದುವೆ, ಪುರಾಣ, ಚುನಾವಣೆಯ ಭಾಷಣ, ಶಾಲೆಯ ಗ್ಯಾದರಿಂಗ್ ಎಲ್ಲಕ್ಕೂ ಮೈಕ್ ಹಚ್ಚಿ ಮಿಕ್ಸರ್ ಮುಂದೆ ಕೂರುವುದು ನನ್ನ ಕೆಲಸ. ಮಿಕ್ಸರ್ ಎಂದರೆ ಒಂದೊಂದು ಮೈಕಿನ ಧ್ವನಿಯನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಪೆಟ್ಟಿಗೆ. ಕೂತಲ್ಲಿ ಕೈಗೆ ಕೆಲಸ ಕಡಿಮೆ, ಕಣ್ಣಿಗೆ ಹೆಚ್ಚು. ಹಾಗಾಗಿ ಯಾರು ಯಾವಾಗ ಬಂದರು, ಎಷ್ಟು ಹೊತ್ತು ಮಾತಾಡಿದರು ಎಂದು ಬರೆದಿಡುವ ಚಟ ಅಂಟಿಕೊಂಡಿತು.

ಆ ವರ್ಷದ ಆಗಸ್ಟಿನಲ್ಲಿ ವಿನಾಯಕ ಎಂಬ ಹುಡುಗ ಅಂಗಡಿಗೆ ಬಂದ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಯಾರದೋ ಸಿಡಿಗಳನ್ನು ಕೇಳಿ ಪಂಕ್ ಸಂಗೀತದ ಹುಚ್ಚು ಹತ್ತಿಸಿಕೊಂಡವನು. ಪಂಕ್ ಅಂದರೇನು ಎಂದು ನಮ್ಮ ಮಾಲೀಕ ಶೇಖಣ್ಣ ಕೇಳಿದ್ದಕ್ಕೆ, “ಗಿಟಾರಿನ ಮೂರು ಕಾರ್ಡು, ಎರಡು ನಿಮಿಷ, ಖರೇ ಮಾತು. ಅಷ್ಟ ರೀ” ಎಂದ. ಒಂದು ವರ್ಷಕ್ಕೂ ಮೇಲ್ಪಟ್ಟು ಅಭ್ಯಾಸ ನಡೆಸಿದ್ದ ಅವನ ಬ್ಯಾಂಡಿನ ಹೆಸರು ‘ಲೋಡ್ ಶೆಡ್ಡಿಂಗ್’. ಅವನು ಹಾಡುವವನು, ಸಾದಿಕ್ ಎಂಬ ಮಾತು ಕಡಿಮೆಯ ಹುಡುಗ ಗಿಟಾರಿಗೆ, ಗುತ್ತಲದ ಕಡೆಯ ರುದ್ರಪ್ಪ ಡ್ರಮ್ಮಿಗೆ. ಮೂವರಿಗೂ ಒಂದೇ ನೇಮ: ಸೆರೆ, ಅಂದರೆ ಹೆಂಡ, ಮುಟ್ಟಬಾರದು. ಕೇಳಲು ಬಂದವರೂ ಮುಟ್ಟಿರಬಾರದು. ಬಾಗಿಲಲ್ಲಿ ವಿನಾಯಕ ತಾನೇ ನಿಂತು ಪ್ರತಿಯೊಬ್ಬರ ಕಣ್ಣು ನೋಡಿ, ಬಾಯಿ ಮೂಸಿ, ಪಾಸಾದವರ ಮುಂಗೈ ಮೇಲೆ ಸ್ಕೆಚ್ ಪೆನ್ನಿನಿಂದ ಕತ್ತರಿ ಗುರುತು ಹಾಕಿ ಒಳಗೆ ಬಿಡುತ್ತಿದ್ದ.

ನನಗೆ ಮೊದಲ ದಿನದಿಂದಲೂ ಅನುಮಾನ. ನಾನೂ ಕುಡಿಯುವವನಲ್ಲ. ಆದರೆ ಅದನ್ನು ಮೈಕಿನಲ್ಲಿ ಹೇಳಬೇಕು ಎಂದು ನನಗೆ ಎಂದೂ ಅನ್ನಿಸಿಲ್ಲ. ಆಗಸ್ಟ್ 19ರ ಭಾನುವಾರ ರಾಣೆಬೆನ್ನೂರಿನಲ್ಲಿ ಅವರ ಮೊದಲ ಕಾರ್ಯಕ್ರಮ. ಹಾಡು 22 ನಿಮಿಷ, ವಿನಾಯಕನ ಉಪದೇಶ 27 ನಿಮಿಷ. ಸೆಪ್ಟೆಂಬರ್ 9ರ ಭಾನುವಾರ ಹಾವೇರಿಯಲ್ಲಿ ಹಾಡು 19, ಉಪದೇಶ 31. ನಡುವೆ ಯಾರೋ ಹಿಂದಿನಿಂದ ಕೂಗಿದರು: “ಏ ಯಪ್ಪಾ, ಹಾಡ ಹಚ್ಚೋ! ಪುರಾಣಕ್ಕ ನಮ್ಮೂರಾಗ ಸ್ವಾಮ್ಗೋಳು ಅದಾರ!” ಎಲ್ಲರೂ ನಕ್ಕರು. ವಿನಾಯಕ ನಗಲಿಲ್ಲ. ಕೂಗಿದವನನ್ನು ಹುಡುಕಿ ಇನ್ನೊಮ್ಮೆ ಬಾಯಿ ಮೂಸಿದ.

ಹಾವೇರಿಯಲ್ಲೇ ನಾನು ಗೆರೆಗಳನ್ನು ಮೊದಲು ನೋಡಿದ್ದು. ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಕೆಳಗೆ ಒಂದು ಮೈಕ್ ಇಡಬೇಕು. ಬಗ್ಗಿದಾಗ, ಡ್ರಮ್ಮಿನ ಕಟ್ಟಿಗೆಯ ಮೇಲೆ, ಬಾರಿಸುವವನ ಕಡೆಗೆ ಮಾತ್ರ ಕಾಣುವಂತೆ, ಮೊಳೆಯಿಂದ ಗೀಚಿದ ಸಣ್ಣ ಗೆರೆಗಳು. ಐದೈದರ ಗುಂಪು. ಎಣಿಸದೆ ಇರಲು ನನ್ನಿಂದ ಆಗಲಿಲ್ಲ. 389.

“ಏನ್ರೀ ಇವು?” ಎಂದೆ.

ರುದ್ರಪ್ಪ ನನಗಿಂತ ನಾಲ್ಕು ವರ್ಷ ದೊಡ್ಡವನು. ದಪ್ಪ ಮೀಸೆ, ಸಣ್ಣ ದನಿ. “ಲೆಕ್ಕ ತಮ್ಮಾ. ಮೊದಲ ಮದವಿ ಬ್ಯಾಂಡ್ ಸೆಟ್ಟಿನ್ಯಾಗ ಬಾರಸ್ತಿದ್ನಿ. ಮೆರವಣಿಗಿ ಹೊಂಡೂಕಿಂತ ಮದಲ ಎಲ್ಲಾರಿಗೂ ಒಂದೊಂದು ಕ್ವಾರ್ಟರ್ ಕೊಡ್ತಾರ. ಕುಡೀಲಿಲ್ಲ ಅಂದ್ರ ಕೈ ಏಳೂದುಲ್ಲ ಅಂತ. ಕಡೀಕ ಕುಡದ್ರೂ ಏಳಲಾರದಂಗಾತು. ಈಗ ದಿನಕ್ಕೊಂದು ಗೆರಿ ಹೊಡೀತೇನಿ.”

“ವಿನಾಯಕನ ಮಾತು ಕೇಳಿ ಬಿಟ್ರೋ?”

“ಅವನ ಮಾತಿಗಲ್ಲೋ,” ಎಂದು ನಕ್ಕ. “ಅವನ ಹಾಡಿನ ಸ್ಪೀಡಿಗೆ. ಕುಡದ ಕೈಲೆ ಆ ಸ್ಪೀಡು ಬಾರಸಾಕ ಆಗಂಗಿಲ್ಲ. ಈ ಬ್ಯಾಂಡ್ ಇರೂತನಕ ನಾ ಇರ್ತೇನಿ.”

ಆ ಮಾತನ್ನು ಹಾಗೆಯೇ ಬರೆದುಕೊಂಡೆ. ಹಾಗಿದ್ದೂ ನನ್ನ ಅನುಮಾನ ಹೋಗಲಿಲ್ಲ. ಗೆರೆಯನ್ನು ಯಾರು ಬೇಕಾದರೂ ಹೊಡೆಯಬಹುದಲ್ಲ?

ಮೂರನೆಯ ಕಾರ್ಯಕ್ರಮ ಬ್ಯಾಡಗಿಯಲ್ಲಿ, ಸೀಜನ್ ಇಲ್ಲದೆ ಖಾಲಿ ಬಿದ್ದಿದ್ದ ಮೆಣಸಿನಕಾಯಿ ಗೋದಾಮಿನಲ್ಲಿ. ಗಾಂಧಿ ಜಯಂತಿಯ ದಿನವನ್ನು ವಿನಾಯಕ ಬೇಕೆಂದೇ ಆರಿಸಿದ್ದ. ಅಂದು ಬಾರ್, ವೈನ್ ಶಾಪ್ ಎಲ್ಲ ಬಂದ್. ಗೋದಾಮಿನ ಮೂಲೆಮೂಲೆಯಲ್ಲಿ ಹಳೆಯ ಮೆಣಸಿನ ಧೂಳು. ನಾಲ್ಕು ಗಂಟೆಗೆ ಬಂದ 63 ಜನರೂ ಸೀನುತ್ತಿದ್ದರು, 63 ಜನರ ಕಣ್ಣೂ ಕೆಂಪಾಗಿದ್ದವು. ಬಾಗಿಲಲ್ಲಿ ಕಣ್ಣು ನೋಡಿ ಪ್ರಯೋಜನವಿರಲಿಲ್ಲ. ಆ ದಿನ ವಿನಾಯಕ ತನ್ನ ಮೂಗೊಂದನ್ನೇ ನಂಬಿದ. ಇಬ್ಬರನ್ನು ವಾಪಸು ಕಳಿಸಿದ. ಅವರಲ್ಲೊಬ್ಬರು ಕೆಮ್ಮಿನ ಔಷಧಿ ಕುಡಿದು ಬಂದವರು.

3:10ಕ್ಕೆ ರುದ್ರಪ್ಪ ನಮ್ಮ ಟೆಂಪೋದ ಹಿಂದೆ ಒಬ್ಬನೇ ನಿಂತು ಸ್ಟೀಲಿನ ಬಾಟಲಿಯಿಂದ ಏನೋ ಕುಡಿದ. ಅತ್ತಿತ್ತ ನೋಡಿ ಮುಚ್ಚಳ ತಿರುಗಿಸಿದ. ಬರೆದುಕೊಂಡೆ.

ಅಂದು ಎಲ್ಲ ಹಾಡುಗಳಲ್ಲೂ ರುದ್ರಪ್ಪ ಮೊದಲ ಬಾರಿಗೆ ಸಹಗಾಯನ ಮಾಡುವುದಿತ್ತು. 3:55ಕ್ಕೆ ಅವನ ಬಾಯಿಗೆ ಒಂದು ಮೈಕ್ ಹಚ್ಚಿ, ಅದಕ್ಕೆ ಸ್ಪಂಜಿನ ಟೊಪ್ಪಿಗೆ ತೊಡಿಸಿದೆ. ತಾಳದ ತಟ್ಟೆ ಪಕ್ಕದಲ್ಲೇ ಇರುವುದರಿಂದ ಬಾಯಿ ಸ್ಪಂಜಿಗೆ ತಾಗುವಷ್ಟು ಹತ್ತಿರ ಹಾಡಬೇಕು ಎಂದು ನಾನೇ ಹೇಳಿಕೊಟ್ಟೆ. ವಿನಾಯಕನ ಮೈಕ್ ಅವನ ಸ್ವಂತದ್ದು. ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

4:22. ಆರನೆಯ ಹಾಡು ಮುಗಿದಿತ್ತು. ವಿನಾಯಕ ನೀರು ಕೊಡಲು ಡ್ರಮ್ಮಿನ ಕಡೆಗೆ ಬಗ್ಗಿದವನು ಹಾಗೆಯೇ ನಿಂತ. ಮತ್ತೆ ಬಗ್ಗಿ ರುದ್ರಪ್ಪನ ಮುಖದ ಹತ್ತಿರ ಮೂಗು ಒಯ್ದ. ಆಮೇಲೆ ಮೈಕಿನಲ್ಲೇ, ಒಳಗಿದ್ದ 61 ಜನರ ಮುಂದೆ ಕೇಳಿದ:

“ರುದ್ರಣ್ಣ, ಬಾಯಿ ತಗಿ.”

“ಯಾಕೋ? ಹಾಡ ಶುರು ಮಾಡು.”

“ವಾಸನಿ ಬರಾಕತ್ತೈತಿ. ಇವತ್ತ ಅಂಗಡಿ ಬಂದ್ ಅದಾವ. ಅಂದ್ರ ನಿನ್ನೇನ ತಂದಿಟ್ಕೊಂಡೀ.”

“ಖರೇನ ಕುಡದಿಲ್ಲೋ ನಾ! ನಮ್ಮವ್ವನ ಆಣಿ!”

ಜನ ಮೊದಲು ಇದೂ ಕಾರ್ಯಕ್ರಮದ ಭಾಗವೆಂದು ನಕ್ಕರು. ಆಮೇಲೆ ನಗು ನಿಂತಿತು. ವಿನಾಯಕ ನನ್ನ ಕಡೆ ತಿರುಗಿದ. ನಾನು ಎಲ್ಲ ಬರೆದಿಡುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು. ಹಾವೇರಿಯ ಲೆಕ್ಕವನ್ನು ತೋರಿಸಿ ಅವನನ್ನು ಛೇಡಿಸಿದವನು ನಾನೇ.

“ಗಿರೀಶ, ನೀ ಯಾವ ಕಡೀಗೂ ಇಲ್ಲ. ನಿನ್ನ ಬುಕ್ಕಿನ್ಯಾಗ ಏನರ ಐತೇನು, ಓದು.”

ನಾನು ಓದಬಾರದಿತ್ತು. ಆದರೆ ನನ್ನನ್ನು ಪಕ್ಷವಿಲ್ಲದವನು ಎಂದು ಕರೆದದ್ದು ನನಗೆ ಹಿತವೆನಿಸಿತು. ಮಿಕ್ಸರ್ ಹತ್ತಿರದ ಮೈಕ್ ಎತ್ತಿ ಓದಿದೆ: “3:10. ರುದ್ರಪ್ಪ. ಟೆಂಪೋ ಹಿಂದೆ ಒಬ್ಬನೇ. ಸ್ಟೀಲ್ ಬಾಟಲಿ. ಅತ್ತಿತ್ತ ನೋಡಿ ಕುಡಿದ.” ನನ್ನದೇ ಸ್ಪೀಕರಿನಲ್ಲಿ ನನ್ನದೇ ದನಿ ಗೋದಾಮಿನ ಗೋಡೆಗೆ ಬಡಿದು ಎರಡೆರಡು ಸಲ ಕೇಳಿಸಿತು.

ಬಾಟಲಿ ತರಿಸಿದರು. ಖಾಲಿ. ನಾನೂ ಮೂಸಿ ನೋಡಿದೆ. ಜೀರಿಗೆಯ ವಾಸನೆ.

“ಜೀರಿಗಿ ಕಷಾಯಪಾ,” ಎಂದ ರುದ್ರಪ್ಪ. “ಹೊಟ್ಟಿ ಸರಿ ಇಲ್ಲ. ನೀವೆಲ್ಲ ಮೂಸಿ ನೋಡ್ತೀರಿ ಅಂತನ ಮರೀಗೆ ಹೋಗಿ ಕುಡದ್ನಿ.”

“ವಾಸನಿ ಮುಚ್ಚಾಕನ ಜೀರಿಗಿ ತಿಂತಾರ,” ಎಂದ ವಿನಾಯಕ. ಮುಂಗೈ ಮೇಲಿನ ಕತ್ತರಿ ಗುರುತನ್ನು ಅಳಿಸಿಕೊಳ್ಳಲು ರುದ್ರಪ್ಪನಿಗೆ ಹೇಳಿದ. ರುದ್ರಪ್ಪ ಮುಂಗೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ ಸ್ನೇರ್ ಒಂದನ್ನು ಮಾತ್ರ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ನನ್ನ ಮಿಕ್ಸರ್ ಪಕ್ಕದಲ್ಲೇ ಹಾದು ಹೊರಗೆ ಹೋದ. “ಎಲ್ಲಾ ಬರೀತಿ ತಮ್ಮಾ, ಚಲೋ” ಎಂದ. ಹೊತ್ತು 4:31.

ಅಕ್ಟೋಬರ್ 7ರ ಭಾನುವಾರ ಬೆಳಿಗ್ಗೆ ಪುರಾಣದ ಕಾರ್ಯಕ್ರಮಕ್ಕೆ ಮೈಕುಗಳನ್ನು ಸಿದ್ಧ ಮಾಡುತ್ತಿದ್ದೆ. ಎಲ್ಲರ ಉಗುಳು, ಗುಟ್ಕಾ ವಾಸನೆ ತಾಗುವ ವಸ್ತು ಮೈಕ್. ಒಮ್ಮೆ ಒಬ್ಬ ಭಾಷಣಕಾರರು ಇದೇ ಕಾರಣಕ್ಕೆ ಮೈಕನ್ನು ನನ್ನ ಮೇಲೆ ಎಸೆದಿದ್ದರು. ಅಂದಿನಿಂದ ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಮೆಡಿಕಲ್ ಶಾಪಿನ ಸ್ಪಿರಿಟ್‌ನಿಂದ ಒರೆಸುವುದು ನನ್ನ ಪದ್ಧತಿ. ಸ್ಪಂಜಿನ ಟೊಪ್ಪಿಗೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿ, ಧೂಳು ಕೂರದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಿದ್ದೆ. ಆ ದಿನವೂ ಕಟ್ಟುತ್ತಿದ್ದವನ ಕೈ ನಿಂತಿತು. ತೆರೆದಿಟ್ಟ ಸ್ಪಿರಿಟ್ ಕ್ಷಣದಲ್ಲಿ ಆರುತ್ತದೆ. ಆದರೆ ಚೀಲದಲ್ಲಿದ್ದದ್ದು?

ದಿನಚರಿ ತೆಗೆದು ನೋಡಿದೆ. ಅಕ್ಟೋಬರ್ 2, 2:30, ಆಮೇಲೆ 2:50. ನಡುವೆ ನಾನು ಅದನ್ನೇ ಮಾಡಿದ್ದೆ. ದಿನವೂ ಮಾಡುವ ಕೆಲಸವೆಂದು ಬರೆದಿರಲಿಲ್ಲ.

ಪರೀಕ್ಷೆ ಮಾಡಿದೆ. ಸ್ಪಂಜು ಅದ್ದಿ 75 ನಿಮಿಷ ಚೀಲದಲ್ಲಿಟ್ಟೆ. ತೆಗೆದು ಮೈಕಿಗೆ ತೊಡಿಸಿ, ಬಾಯಿಗೆ ಹಿಡಿದು 22 ನಿಮಿಷ ಎಣಿಕೆ ಹೇಳಿದೆ. ನನಗೂ ಮೀಸೆ ಇದೆ, ವಾಸನೆ ಅದರಲ್ಲಿ ಹಿಡಿದುಕೊಂಡಿತು. ಶೇಖಣ್ಣನ ಹತ್ತಿರ ಹೋಗಿ ನಿಂತೆ.

“ಥೂ! ಮುಂಜಮುಂಜಾನೆ ಎಲ್ಲಿ ಹಾಕ್ಕೊಂಡು ಬಂದೀಲೇ ಗಿರ್ಯಾ?”

ಕಾರಣ ಹೇಳಿದಾಗ ಶೇಖಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮೈಕಿಗೆ ಸ್ಪಿರಿಟ್ ಹಚ್ತಾರ ಅಂತ ಗೊತ್ತಾದ್ರ ನಾಳೆ ದೇವಿ ಪುರಾಣದವ್ರು ನಮ್ಮ ಮೈಕ್ ಮುಟ್ಟತಾರೇನು? ದಸರಾ ಸೀಜನ್ ಮುಗೀಲಿ. ಆಮ್ಯಾಲೆ ಹೇಳಾಕಂತ. ಅವನೇನು ಎಲ್ಲಿ ಓಡಿ ಹೋಕ್ಕಾನ?”

ನಾನು ಒಪ್ಪಿದೆ. ಶೇಖಣ್ಣನ ಮೇಲೆ ತಪ್ಪು ಹೊರಿಸುವುದಿಲ್ಲ. ಜೀರಿಗೆಯ ಬಗ್ಗೆ ನನಗೂ ಇನ್ನೂ ಅನುಮಾನವಿತ್ತು. ಸ್ಪಂಜಿನ ವಾಸನೆ ಖರೆ ಎಂದ ಮಾತ್ರಕ್ಕೆ ಬಾಟಲಿ ನಿರಪರಾಧಿ ಆಗುತ್ತದೆಯೇ ಎಂದು ನನಗೆ ನಾನೇ ವಾದ ಮಾಡಿಕೊಂಡೆ.

ಅಕ್ಟೋಬರ್ 28ರ ಭಾನುವಾರ ವಿನಾಯಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡು ಮೊದಲು ಮಾಡಿದ ಕೆಲಸವೆಂದರೆ ನನ್ನ ಬಾಯಿ ಮೂಸಿದ್ದು.

“ಅವತ್ತ ಒಂದ ಹೇಳಿದ್ದಿ, ಇವತ್ತ ಒಂದ ಹೇಳ್ತಿ. ಅಂವ ಏನರ ಕೊಟ್ಟು ಕಳಿಸ್ಯಾನೇನು?”

ಚೀಲದಲ್ಲಿದ್ದ ಸ್ಪಂಜನ್ನು ಅವನ ಮುಂದಿಟ್ಟೆ. ಮೂಸಿದ. ಇನ್ನೊಮ್ಮೆ ಮೂಸಿದ. ಉಪದೇಶ ಬರಲಿಲ್ಲ. “ನಡಿ, ಗುತ್ತಲಕ್ಕ ಹೋಗೂಣು” ಎಂದ.

ಮಧ್ಯಾಹ್ನದ ಬಸ್ಸಿಗೆ ಹೋದೆವು. ರುದ್ರಪ್ಪನ ಅಕ್ಕ ಒಳಗೆ ಕರೆಯಲಿಲ್ಲ. “ದಸರಾ ಆದಮ್ಯಾಲೆ ಕೆಲಸಕ್ಕಂತ ಹೋಗ್ಯಾನ. ಎಲ್ಲಿಗಂತ ಹೇಳಿಲ್ಲ. ಬ್ಯಾಡಗಿ ಸುದ್ದಿ ಇಲ್ಲೀಮಟಾ ಬಂದೈತ್ರಿ. ಓಣ್ಯಾಗಿನ ಹುಡುಗುರು ಅವನ್ನ ಕಂಡ್ರ ಬಾಯಿ ತಗಿ ಅಂತಿದ್ವು.” ವಿನಾಯಕ ಕೇಳಿದ: “ಅಕ್ಕಾರ, ಹೋಗೂಮುಂದ ಅವ್ರು... ಚಲೋ ಇದ್ರೇನ್ರೀ?” ಅವರು ಅವನನ್ನು ದಿಟ್ಟಿಸಿ ನೋಡಿದರು. “ಅದನ್ನ ಮೂಸಿ ನೋಡಾಕ ಬಂದೀರೇನು?” ಎಂದು ಬಾಗಿಲು ಮುಂದೆ ಮಾಡಿದರು.

‘ಲೋಡ್ ಶೆಡ್ಡಿಂಗ್’ ಆಮೇಲೆ ಬಾರಿಸಲಿಲ್ಲ.

ಈ ವರ್ಷ, 2009ರ ಮಾರ್ಚ್ 11ರಂದು, ದೇವರಗುಡ್ಡದ ಕಡೆಯ ಒಂದು ಬ್ಯಾಂಡ್ ಸೆಟ್ಟಿನವರು ಹರಿದ ಸ್ನೇರ್ ಒಂದನ್ನು ಹೊದಿಕೆ ಬದಲಿಸಲು ನಮ್ಮ ಅಂಗಡಿಗೆ ತಂದರು. ತಿರುಗಿಸಿ ನೋಡುವ ಮೊದಲೇ ನನ್ನ ಬೆರಳಿಗೆ ಗೆರೆಗಳು ಸಿಕ್ಕವು. ಎರಡು ಸಲ ಎಣಿಸಿದೆ. 431.

ಹಾವೇರಿಯಲ್ಲಿ ಸೆಪ್ಟೆಂಬರ್ 9ಕ್ಕೆ 389. ಹಾಗಾದರೆ ಬ್ಯಾಡಗಿಯ ದಿನಕ್ಕೆ 412. ಅಲ್ಲಿಂದ ಮುಂದೆ 19 ಗೆರೆ. ಅವಮಾನವಾದ ಮೇಲೂ ಅವನು ಹತ್ತೊಂಬತ್ತು ದಿನ ಗೆರೆ ಹೊಡೆದಿದ್ದಾನೆ. ಕೊನೆಯದು ಅಕ್ಟೋಬರ್ 21, ವಿಜಯದಶಮಿ, ಬನ್ನಿ ಕೊಡುವ ದಿನ. ನನಗೆ ಸಂಗತಿ ಗೊತ್ತಾದದ್ದು 7ಕ್ಕೆ, ನಾನು ಬಾಯಿಬಿಟ್ಟದ್ದು 28ಕ್ಕೆ. ಆ ಕೊನೆಯ ಗೆರೆ ನಾನು ಸುಮ್ಮನಿದ್ದ ದಿನಗಳ ಒಳಗೆ ಬೀಳುತ್ತದೆ. ಎಷ್ಟು ಸಲ ಲೆಕ್ಕ ಮಾಡಿದರೂ ಅಲ್ಲಿಯೇ ಬೀಳುತ್ತದೆ.

ಇಪ್ಪತ್ತನೆಯ ದಿನ ಅವನು ಕುಡಿದನೋ, ಅಥವಾ ಡ್ರಮ್ ಮಾರಿ ಊರು ಬಿಟ್ಟನೋ? ಡ್ರಮ್ ಕೈ ಬಿಟ್ಟರೆ ಗೆರೆ ಹೊಡೆಯಲು ಜಾಗವಿಲ್ಲ, ಅಷ್ಟೆ. ಬ್ಯಾಂಡಿನವರು ಅದನ್ನು ಹಾವೇರಿಯ ಒಬ್ಬ ಹಳೇ ಸಾಮಾನಿನವನಿಂದ ಕೊಂಡರಂತೆ. ಅವನಿಗೆ ತಂದುಕೊಟ್ಟವರಾರು, ಯಾವಾಗ ಎಂಬುದು ನೆನಪಿಲ್ಲವಂತೆ. ಹೊಸ ಹೊದಿಕೆ ಹಾಕಿ ಕೊಟ್ಟೆ. ಗೆರೆಗಳ ಮೇಲೆ ಬಣ್ಣ ಬಳಿಯಬೇಡಿ ಎಂದು ಕೇಳಿಕೊಂಡೆ.

ಕೆಲಸದಲ್ಲಿ ನಾನು ಕಲಿತದ್ದು ಇಷ್ಟು. ಇನ್ನೊಬ್ಬರ ಕೈಯಲ್ಲಿದ್ದ ಬಾಟಲಿಯನ್ನು ಬರೆಯುವ ಮೊದಲು ನನ್ನ ಕೈಯಲ್ಲಿದ್ದ ಬಾಟಲಿಯನ್ನು ಬರೆಯಬೇಕು. ಈಗ ದಿನಚರಿಯ ಪ್ರತಿ ಪುಟದ ಮೊದಲ ಸಾಲು ನಾನು ಮಾಡಿದ್ದು: ಯಾವ ಮೈಕ್, ಯಾವುದರಿಂದ ಒರೆಸಿದೆ, ಎಷ್ಟು ಗಂಟೆಗೆ. ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕುತ್ತೇನೆ.

ಗುತ್ತಲದ ಕಡೆಯ ರುದ್ರಪ್ಪ, ಈಗ ಇಪ್ಪತ್ತೊಂಬತ್ತು ವರ್ಷ, ದಪ್ಪ ಮೀಸೆ, ಸಣ್ಣ ದನಿ, ಎಡಗೈಯ ಕೋಲನ್ನು ತಿರುವಿಹಿಡಿದು ಬಾರಿಸುವವನು. ಅವನನ್ನು ಕಂಡವರಿದ್ದರೆ, ಅಥವಾ 2007ರ ಅಕ್ಟೋಬರ್ 22ರಂದು ಅವನು ಎಲ್ಲಿದ್ದನೆಂದು ಬಲ್ಲವರಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಕುಡಿಯುತ್ತಾನೋ ಇಲ್ಲವೋ ಎಂಬುದನ್ನು ಬರೆಯಬೇಕಿಲ್ಲ. ಬಾರಿಸುತ್ತಾನೋ ಎಂಬುದನ್ನು ಬರೆದರೆ ಸಾಕು.