ಬಾದಾಮಿಯ ಮೆಟ್ಟಿಲು, ಗಿರಿಜಾಳ ದಮ್ಮು

ನಮ್ಮ ಬಸ್ಸು ಇಳಕಲ್ ಬಿಡುವಾಗ ಇನ್ನೂ ಬೆಳಕು ಹರಿದಿರಲಿಲ್ಲ. ಎಂಬತ್ತರ ಆಸುಪಾಸಿನ ಒಂದು ಚಳಿಗಾಲ, ಶುಕ್ರವಾರ. ಏಳನೆಯ ತರಗತಿಯ ಹುಡುಗಿಯರಿಗೆ ಬಾದಾಮಿ ತೋರಿಸುವ ಜವಾಬ್ದಾರಿ ಅವರ ಟೀಚರಾದ ನನಗೂ ಇನ್ನೊಬ್ಬ ಮಾಸ್ತರರಿಗೂ ಬಿದ್ದಿತ್ತು. ನಾನು ಮೊದಲೇ ಪುಕ್ಕಲಿ. ಅದರ ಮೇಲೆ ಗಿರಿಜಾ ಬೇರೆ.

ಗಿರಿಜಾಗೆ ದಮ್ಮು, ಅಂದರೆ ಉಬ್ಬಸ. ಹಿಂದಿನ ವರ್ಷ ಅವಳು ಶಾಲೆಗೆ ಬಂದದ್ದಕ್ಕಿಂತ ಹಾಸಿಗೆಯಲ್ಲಿ ಎದ್ದು ಕೂತದ್ದೇ ಹೆಚ್ಚು. ತಿಂಗಳಿಗೊಮ್ಮೆ ಬಾಗಲಕೋಟೆಯ ಡಾಕ್ಟರಿಗೆ ತೋರಿಸಿ, ದಿನಾ ಗುಳಿಗೆ ನುಂಗತೊಡಗಿದ ಮೇಲೆ ಒಂದು ದಿನವೂ ಶಾಲೆ ತಪ್ಪಿಸಿರಲಿಲ್ಲ. ಆದರೂ ಅವಳ ಅಪ್ಪ, ಸೀರೆ ನೇಯುವ ನಿಂಗಪ್ಪ, ಬಸ್ಸಿನ ಕಿಟಕಿಯ ಹತ್ತಿರ ಬಂದು ಹೇಳಿದ: “ಅಕ್ಕೋರ, ನಿಮ್ಮ ಮಾತಿನ ಮ್ಯಾಲ ಕಳಸಾಕತ್ತೇನ್ರಿ. ಮತ್ತ ದಮ್ಮ ಎದ್ರ ಇಕೀ ಸಾಲಿ ಇಲ್ಲಿಗೆ ಮುಗೀತು.”

ಹುನಗುಂದದಲ್ಲಿ ಚಹಾಕ್ಕೆ ನಿಂತೆವು. ಕಪ್ಪಿಗೆ ನಾಲ್ಕಾಣೆ, ಹೆಸರಿಗಷ್ಟೇ ಚಹಾ. ಮುಂದೆ ರಸ್ತೆ ಕೆಟ್ಟು ಧೂಳೆಲ್ಲ ಬಸ್ಸಿನೊಳಗೆ ಬಂದಿತು. ಹುಡುಗಿಯರು ಹಾಡುತ್ತಿದ್ದರು, ನಾನು ಗಿರಿಜಾಳ ಉಸಿರನ್ನೇ ಕೇಳುತ್ತ ಕೂತಿದ್ದೆ.

“ಕಿಡಕಿ ಮುಚ್ಚವಾ.”

“ಮುಚ್ಚೇನ್ರಿ. ನೀವು ಒಂಚೂರು ಉಸುರಾಡ್ರಿ ಅಕ್ಕೋರ,” ಎಂದು ನಕ್ಕಳು.

ಬಾದಾಮಿಯ ಕೆರೆಯ ದಂಡೆಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಬಿಚ್ಚಿದೆವು. ನನ್ನ ರೊಟ್ಟಿಯನ್ನು ಮಂಗ ಹೊತ್ತುಕೊಂಡು ಹೋಯಿತು. ಗಿರಿಜಾ ತನ್ನದರಲ್ಲಿ ಅರ್ಧ ಕೊಟ್ಟಳು.

“ಗುಳಿಗಿ ತೊಗೊಂಡಿ?” ಎಂದೆ.

“ಇಲ್ರಿ. ಈಗ ಆರಾಮ ಅದಿ, ಇನ್ನ್ಯಾಕ ಅಂತ ಅವ್ವ ಬಿಡಿಸಿ ಹದಿನೈದು ದಿನಾ ಆತ್ರಿ.”

ನೀನು ಗುಹೆ ಹತ್ತುವುದು ಬೇಡ ಎಂದೆ. ಅಷ್ಟರಲ್ಲಿ ಗೆಳತಿಯೊಬ್ಬಳು ಮೆಟ್ಟಿಲ ಮೇಲಿಂದ ಕೂಗಿದಳು: “ದಮ್ಮಿದ್ರ ಹತ್ತಿ ತೋರ್ಸ!” ನಮ್ಮ ಕಡೆ ದಮ್ಮೆಂದರೆ ರೋಗವೂ ಹೌದು, ಎದೆಗಾರಿಕೆಯೂ ಹೌದು. ನಾನು ಸೆರಗು ಸಿಕ್ಕಿಸಿಕೊಳ್ಳುವುದರೊಳಗೆ ಗಿರಿಜಾ ಓಡಿದ್ದಳು.

ಎರಡನೆಯ ಗುಹೆಯ ಕೆಳಗೆ ಮೆಟ್ಟಿಲ ಮೇಲೆ ಕುಕ್ಕರಿಸಿದ್ದಳು. ಎದೆಯಿಂದ ಸಿಳ್ಳೆಯಂಥ ಸದ್ದು, ತುಟಿ ಕಪ್ಪಿಟ್ಟಿತ್ತು. “ಬಸವಣ್ಣಾ” ಎಂದು ದೇವರನ್ನು ನೆನೆದೆ. ಉಳಿದ ಹುಡುಗಿಯರನ್ನು ಮಾಸ್ತರರಿಗೆ ಒಪ್ಪಿಸಿದೆ. ಹುಡುಗಿಯರ ಕೂಗಿಗೆ ಓಡಿ ಬಂದ ಬಸ್ಸಿನ ಡ್ರೈವರು ಅವಳನ್ನು ಹೊತ್ತು ಇಳಿದ, ನಾನು ಹಿಂದೆ ಓಡಿದೆ. ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟರು. ಬೆಂಚಿನ ಮೇಲೆ ಕೂತು, ಹುಡುಗಿ ಬದುಕಿದರೆ ಸಾಕು, ಶಾಲೆ ಹೋದರೆ ಹೋಗಲಿ ಎಂದು ಬೇಡಿಕೊಂಡೆ.

ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರು ಹೇಳಿದರು: “ಆರಾಮ ಆತಂತ ಗುಳಿಗಿ ಬಿಡಬಾರದ್ರಿ. ಗುಳಿಗಿ ತೊಗೊಂಡಿದ್ದಕ್ಕ ಆರಾಮ ಇದ್ಲು.”

ಇಳಕಲ್ ಹತ್ತಿರವಾದಂತೆ ನಿಂಗಪ್ಪನಿಗೆ ಹೇಳದೇ ಬಿಡಲೇ ಎಂದೂ ಅನಿಸಿತು. ಅವನು ಬಸ್‌ಸ್ಟ್ಯಾಂಡಿನ ದೀಪದ ಕೆಳಗೇ ನಿಂತಿದ್ದ. ನನಗಿಂತ ಮೊದಲು ಗಿರಿಜಾ ಇಳಿದಳು.

“ಅಪ್ಪಾ, ದಮ್ಮ ಎದ್ದಿತ್ತು. ಗುಳಿಗಿ ಬಿಟ್ಟಿದ್ದಕ್ಕ ಎದ್ದಿತ್ತು. ಸಾಲಿ ಬಿಡಿಸಬ್ಯಾಡ.”

ನಿಂಗಪ್ಪ ಮಗಳ ಬೆನ್ನ ಮೇಲೆ ಅಂಗೈ ಇಟ್ಟು, ಉಸಿರು ಏರಿಳಿಯುವುದನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ಕಣ್ಣು ಕೆಳಗೆ ಹಾಕಿದೆ.

“ಅಕ್ಕೋರ, ಬಾಗಲಕೋಟಿಗೆ ಮೊದಲನೇ ಬಸ್ಸು ಎಷ್ಟಕ್ಕೈತ್ರಿ? ನಾಳೆನ ತೋರ್ಸ್ಕೊಂಡ ಬರ್ತೇನಿ. ಸೋಮವಾರ ಸಾಲಿ ತಪ್ಪಬಾರದು.”