ಮೂಲೆಯಿಲ್ಲದ ಕೋಣೆ

ಮಾಂಸದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತವಳು ಅವಳು. ಸಾಸೇಜಿನ ಮಾಂಸ ತುಂಬಿದ ಉದ್ದನೆಯ ಕರುಳು ಅವಳೆದುರು ಜಾರಿ ಬರುತ್ತಿತ್ತು. ಗೇಣಿಗೊಂದು ತಿರುವು ಕೊಟ್ಟು ಗಂಟು ಹಾಕುವುದು ಅವಳ ಕೆಲಸ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ. ಹಾಗಾಗಿ ಮೇಸ್ತ್ರಿಯಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವಳು ಗಂಟಕ್ಕ. ಗಂಟು ಹಾಕುವ ಯಂತ್ರ ಬಂದ ವಾರವೇ ಅವಳನ್ನು ಕರೆದು, ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಅದನ್ನು ಬಸ್ಸಿನ ಸೀಟಿನ ಮೇಲೇ ಬಿಟ್ಟು ಇಳಿದಳು.

"ಸಾಸೇಜು ಮನೇಲೇ ಮಾಡ್ತೀನಿ ರೀ," ಎಂದಳು ಗಂಡನಿಗೆ.

ಗಂಡ ಬಸ್ಸಿನ ಡ್ರೈವರ್. ರಸ್ತೆಯಲ್ಲಿ ಎಂಥವರಿಗೂ ಹಾರ್ನ್ ಹೊಡೆದು ದಾರಿ ಬಿಡಿಸಿಕೊಳ್ಳುವವನು ಮನೆಯೊಳಗೆ ಮಾತ್ರ ಸದಾ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರುತ್ತಿದ್ದ. "ಅಮ್ಮನ್ನ ಒಂದು ಮಾತು ಕೇಳು," ಎಂದ.

ಮನೆ ಅತ್ತೆಯ ಹೆಸರಿನಲ್ಲಿತ್ತು. ಅತ್ತೆ ಮೂಗು ಮುರಿಯಲಿಲ್ಲ. "ಹಿಂದಿನ ಕೋಣೇಲಿ ಹಳೇ ಸಾಮಾನು ತುಂಬಿ ಇಲಿ ಓಡಾಡ್ತಿದೆ. ಖಾಲಿ ಮಾಡ್ಕೊಂಡು ಏನಾದ್ರೂ ಮಾಡ್ಕೋ ಹೋಗು," ಎಂದಳು. ಗಂಟಕ್ಕನಿಗೆ ಅಷ್ಟೇ ಸಾಕಾಗಿತ್ತು.

ಬಿಸಿಲು ಇಣುಕಿಯೂ ನೋಡದ ಕೋಣೆ ಅದು. ಬಟ್ಟೆ ಒಣಗಿಸಲು ಬಾರದ್ದು ಮಾಂಸಕ್ಕೆ ಹೇಳಿ ಮಾಡಿಸಿದಂತಿತ್ತು. ಬೂಷ್ಟು ಹಿಡಿದ ಗೋಡೆಯನ್ನು ಕೆರೆದು ಆಳೆತ್ತರದವರೆಗೆ ಬಿಳಿ ಟೈಲ್ಸ್ ಅಂಟಿಸಿದಳು. ಗಾರೆ ಕೆಲಸದವನು ಬಂದದ್ದು ಒಂದೇ ದಿನ; ಕರಣೆ ಹಿಡಿಯುವುದನ್ನು ಅವನಿಂದ ಕಲಿತುಕೊಂಡು ಉಳಿದದ್ದನ್ನು ತಾನೇ ಮಾಡಿದಳು. ನೆಲ ಚರಂಡಿಯ ಕಡೆ ಇಳಿಜಾರಾಗಿರಬೇಕು. ಒಂದು ಬಕೆಟ್ ನೀರು ಸುರಿದು ನೋಡಿದಾಗ ಬಾಗಿಲ ಬಳಿ ಅಂಗೈಯಗಲ ನೀರು ನಿಂತಿತು. ಒಡೆದು ಮತ್ತೆ ಹಾಕಿದಳು. ಮತ್ತೂ ನಿಂತಿತು. ಮೂರನೆಯ ಸಲಕ್ಕೆ ನೀರು ತಲೆಬಾಗಿಸಿಕೊಂಡು ಹೊರಗೆ ಹೋಯಿತು.

ಗೋಡೆಯೂ ನೆಲವೂ ಕೂಡುವಲ್ಲಿ ಮೂಲೆ ಇರಬಾರದು, ಅಲ್ಲಿ ಜಿಡ್ಡು ಕೂರುತ್ತದೆ, ಜಿಡ್ಡು ಕೂತಲ್ಲಿ ಹುಳ ಬರುತ್ತದೆ. ಕಾರ್ಖಾನೆಯಲ್ಲಿ ಕಲಿತ ಪಾಠ ಅದು. ಹಸಿ ಸಿಮೆಂಟಿನ ಮೇಲೆ ಗಾಜಿನ ಬಾಟಲಿಯನ್ನು ಒತ್ತಿ ಎಳೆಯುತ್ತ, ಕೋಣೆಯ ಸುತ್ತಲೂ ಅಂಚನ್ನು ಬಟ್ಟಲಿನ ಒಳಮೈಯಂತೆ ದುಂಡಗೆ ಮಾಡಿದಳು. ಮೊಣಕಾಲಿನ ಚರ್ಮ ಸುಲಿದು ಹೋಯಿತು.

ಆಗೆಲ್ಲ ಮೈದುನ ಬಾಗಿಲಿಗೆ ಒರಗಿ ನೋಡುತ್ತಿದ್ದ. ಸ್ಕೂಟರ್ ಶೋರೂಮು, ವಿಮೆ ಕಂಪನಿ, ಮೊಬೈಲ್ ಅಂಗಡಿ, ಹೀಗೆ ಮೂರು ಕಡೆ ಕೆಲಸ ಹಿಡಿದು ಮೂರನ್ನೂ ಬಿಟ್ಟವನು. ಮಾತಿಗೆ ಮಾತ್ರ ಬರಗಾಲವಿಲ್ಲ.

"ಇದೇನು ಅತ್ತಿಗೆ, ಆಪರೇಷನ್ ಥಿಯೇಟರಾ? ಹಂದಿ ಆಗ್ಲೇ ಸತ್ತಿರುತ್ತಲ್ಲ!"

ಗಂಟಕ್ಕನೂ ನಕ್ಕಳು. ಅವನು ಮನೆಯಲ್ಲಿದ್ದರೆ ಮನೆಗೊಂದು ಕಳೆ ಎಂದೇ ಅವಳಿಗೂ ಅನ್ನಿಸುತ್ತಿದ್ದ ಕಾಲ ಅದು.

ಮುಚ್ಚಿದ ಹೋಟೆಲೊಂದರ ಸ್ಟೀಲ್ ಮೇಜು ಬಂತು, ಐಸ್‌ಕ್ರೀಮ್ ಅಂಗಡಿಯ ಹಳೆಯ ಫ್ರೀಜರ್ ಬಂತು, ಹಿಡಿ ತಿರುಗಿಸಿ ಮಾಂಸ ಕೊಚ್ಚುವ ಯಂತ್ರವೊಂದು ಬಂತು. ಮಾಂಸ ಬೆರಳು ಮರಗಟ್ಟುವಷ್ಟು ತಣ್ಣಗಿದ್ದಾಗಲೇ ಕೊಚ್ಚಬೇಕು. ಬೆಚ್ಚಗಾದರೆ ಕೊಬ್ಬು ಕರಗಿ ಎಲ್ಲವೂ ಮುದ್ದೆಯಾಗುತ್ತದೆ. ಮೊದಲ ದಿನದ ಸಾಸೇಜನ್ನು ಹುರಿದು ಮೊದಲ ತುಂಡನ್ನು ಅತ್ತೆಗೇ ಕೊಟ್ಟಳು. ಅತ್ತೆ ಎರಡನೆಯದನ್ನು ಕೇಳಿ ಹಾಕಿಸಿಕೊಂಡಳು. ಎರಡು ತಿಂಗಳಲ್ಲಿ ನಾಲ್ಕು ಅಂಗಡಿಯವರು ತಾವಾಗಿ ಹುಡುಕಿಕೊಂಡು ಬಂದರು. ಆದರೆ ಅಂಗಡಿಗೆ ಕೊಡಬೇಕಾದರೆ ಪರವಾನಗಿ ಬೇಕು.

"ಆಫೀಸು ಅಲೆಯೋದು ನನಗೆ ಬಿಡಿ ಅತ್ತಿಗೆ. ನೀವು ಮಾಂಸ ನೋಡ್ಕೊಳ್ಳಿ, ಕಾಗದ ನಾನು ನೋಡ್ಕೋತೀನಿ," ಎಂದ ಮೈದುನ.

ಆರೋಗ್ಯ ಇಲಾಖೆಯ ಅಧಿಕಾರಿ ಬಂದಾಗ ಗಂಟಕ್ಕ ಮೊಣಕೈವರೆಗೆ ಮಾಂಸದಲ್ಲಿದ್ದಳು. ಆ ಹೆಂಗಸು ಬಗ್ಗಿ ನೆಲದ ಅಂಚಿನ ಮೇಲೆ ಬೆರಳಾಡಿಸಿ, "ದೊಡ್ಡ ದೊಡ್ಡ ಕಾರ್ಖಾನೇಲೂ ಹೀಗೆ ಮಾಡಿರಲ್ಲ. ಯಾರ ತಲೆ ಇದು?" ಎಂದಳು.

"ನಮ್ಮದೇ ಮೇಡಂ," ಎಂದ ಮೈದುನ.

ನಮ್ಮದು ಅಂದರೆ ನಾನೂ ಸೇರಿದೆನಲ್ಲ ಎಂದುಕೊಂಡು ಗಂಟಕ್ಕ ಸುಮ್ಮನಾದಳು. ಹಾಗೆ ಸುಮ್ಮನಿದ್ದದ್ದಕ್ಕೆ ಆಮೇಲೆ ಎಷ್ಟು ಸಲ ತನ್ನನ್ನು ತಾನೇ ಬೈದುಕೊಂಡಳೋ.

ಪರವಾನಗಿ ಬಂತು. ಅದರಲ್ಲಿ ಮೈದುನನ ಫೋಟೋ, ಮೈದುನನ ಹೆಸರು. ಜೊತೆಗಿದ್ದ ಮನೆ ಮಾಲೀಕರ ಒಪ್ಪಿಗೆ ಪತ್ರದಲ್ಲಿ ಅತ್ತೆಯ ಸಹಿ.

"ಅವನಿಗೂ ಒಂದು ದಾರಿ ಆಗಬೇಕಲ್ಲಮ್ಮ," ಎಂದಳು ಅತ್ತೆ, ಕೈಯಲ್ಲಿದ್ದ ಬಟ್ಟೆ ಮಡಿಸುತ್ತ. "ನಿನಗೆ ದುಡಿಯೋ ಗಂಡ ಇದ್ದಾನೆ. ಅವನಿಗೆ ಯಾರಿದ್ದಾರೆ?"

ಸಂಜೆ ಗಂಡ ಬಂದ. ಕಾಗದವನ್ನು ತಿರುವಿ ಮುರುವಿ ನೋಡಿದ. "ಎಲ್ಲಾ ಒಂದೇ ಮನೆ ತಾನೇ? ಹೆಸರು ಯಾರದಾದ್ರೇನು?"

"ಯಾರದಾದ್ರೂ ಆಗೋದಾದ್ರೆ ನಂದೇ ಹಾಕಬಹುದಿತ್ತಲ್ಲ?"

ಅವನು ಶೂ ಬಿಚ್ಚುವುದರಲ್ಲಿ ಮಗ್ನನಾದ.

ಆದರೂ ಅವಳು ಹಲ್ಲು ಕಚ್ಚಿಕೊಂಡು ನಾಲ್ಕು ತಿಂಗಳು ದುಡಿದಳು. ಕೋಣೆ ತನ್ನದೆಂಬ ಭಾವ ಅಷ್ಟು ಬೇಗ ಕೈಬಿಡುವಂಥದ್ದಲ್ಲ. ಮೈದುನ ಈಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಯವರನ್ನು ಕರೆತಂದು ಕೋಣೆ ತೋರಿಸುತ್ತಿದ್ದ. ಬರಬರುತ್ತ ಅವನ ಮಾತಿನಂತೆ ಕೊಬ್ಬು ಹೆಚ್ಚಾಯಿತು, ಮಾಂಸಕ್ಕೆ ಬ್ರೆಡ್ಡಿನ ಪುಡಿ ಸೇರಿತು. ಒಂದು ದಿನ ಫ್ರೀಜರಿನಲ್ಲಿ ಇಡುವಷ್ಟೂ ತಾಳ್ಮೆಯಿಲ್ಲದೆ, ಆಗಷ್ಟೇ ಬಂದ ಮಾಂಸವನ್ನು ಹಾಗೇ ಕೊಚ್ಚಲು ಹೇಳಿದ.

"ಬೆಚ್ಚಗಿದೆ, ಆಗಲ್ಲ," ಎಂದಳು.

ಪಕ್ಕದಲ್ಲಿ ಅಂಗಡಿಯವನೊಬ್ಬ ನಿಂತಿದ್ದ. ಮೈದುನ ಅವನ ಕಡೆ ನೋಡಿ ನಕ್ಕು, "ಅತ್ತಿಗೆ, ನಿಮ್ಮ ಕೆಲಸ ಎಷ್ಟೋ ಅಷ್ಟು ನೋಡಿ," ಎಂದ. ಧ್ವನಿ ಏರಿಸಿರಲಿಲ್ಲ. ಕೆಲಸದವಳಿಗೆ ಹೇಳುವಂತೆ, ಮೆತ್ತಗೆ ಹೇಳಿದ್ದ.

ಅವಳು ಮೇಜಿನ ಕಡೆ ತಿರುಗಿದಳು. ಅರ್ಧ ತುಂಬಿದ್ದ ನಿನ್ನೆಯ ಮಾಂಸವನ್ನು ಮುಗಿಸಿದಳು. ಮಾಂಸವನ್ನು ಅರ್ಧಕ್ಕೆ ಬಿಟ್ಟು ಏಳುವುದು ಅವಳ ಕೈಗೆ ಗೊತ್ತಿರಲಿಲ್ಲ. ಮೇಜು ತೊಳೆದಳು, ನೆಲ ತೊಳೆದಳು. ಕೊಚ್ಚುವ ಯಂತ್ರವನ್ನು ಮೇಜಿನಿಂದ ಬಿಚ್ಚಿ ಎದೆಗೆ ಅವಚಿಕೊಂಡು ಕೋಣೆಯಿಂದ ಹೊರಬಿದ್ದಳು. ಅಷ್ಟನ್ನು ಮಾತ್ರ ಕಿತ್ತುಕೊಂಡು ಹೋಗಲು ಬರುತ್ತಿತ್ತು. ನೆಲದ ಇಳಿಜಾರನ್ನು ಹೊತ್ತೊಯ್ಯುವುದು ಹೇಗೆ?

ಮಾರನೆಯ ವಾರದಿಂದ ಪೇಟೆಯ ಕಟುಕನ ಅಂಗಡಿಯಲ್ಲಿ ಸಾಸೇಜು ಮಾಡುವ ಕೆಲಸಕ್ಕೆ ನಿಂತಳು. ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿದದ್ದು. ಮೈದುನ ವಿದ್ಯುತ್ ಯಂತ್ರ ತಂದ, ಇಬ್ಬರು ಆಳುಗಳನ್ನಿಟ್ಟ. ಆರು ತಿಂಗಳಲ್ಲಿ ಅಂಗಡಿಗಳಿಂದ ಸಾಸೇಜು ಹುಳಿ ಬಂದಿದೆಯೆಂದು ವಾಪಸ್ಸಾಗತೊಡಗಿತು. ಪರಿಚಯದವರು ಸಿಹಿ ಸುದ್ದಿ ತಂದವರಂತೆ ಅವಳಿಗೆ ಹೇಳಿದರು. ಅವಳಿಗೆ ಸಿಹಿಯಾಗಲಿಲ್ಲ. ನಾರುತ್ತಿದ್ದದ್ದು ತನ್ನ ಕೋಣೆ. ಬಾಗಿಲು ಮುಚ್ಚಿತು, ಮೈದುನ ಕೋಣೆಯನ್ನು ಬಣ್ಣದ ವ್ಯಾಪಾರಿಯೊಬ್ಬನಿಗೆ ಗೋದಾಮಾಗಿ ಕೊಟ್ಟು, ಬೇರೆ ಊರಲ್ಲಿ ಹೊಸದಾಗಿ ಕೈಹಿಡಿದ ಹೆಂಡತಿಯ ಅಣ್ಣನ ಜೊತೆ ಹೊಸದೇನೋ ಶುರು ಮಾಡಿದ.

ಅತ್ತೆ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಉಳಿದವಳು ಗಂಟಕ್ಕನೇ. ಊಟ ಸೇರದ ಮುದುಕಿ ಒಂದು ಮಧ್ಯಾಹ್ನ, "ನೀನು ಮಾಡ್ತಿದ್ಯಲ್ಲ, ಅದರದ್ದೊಂದು ತುಂಡು ತಿನ್ನಬೇಕು ಅನ್ನಿಸ್ತಿದೆ ಕಣೇ," ಎಂದಳು.

ಮಾರನೆಯ ದಿನ ಕಟುಕನ ಅಂಗಡಿಯಿಂದ ಎರಡು ಸಾಸೇಜು ತಂದು, ಹುರಿದು, ಸಣ್ಣಗೆ ಹೆಚ್ಚಿ ಬಾಯಿಗಿಟ್ಟಳು. ಅತ್ತೆ ಬಹಳ ಹೊತ್ತು ಅಗಿದಳು.

"ನಿನ್ನ ಕೈದೇ ಇದು. ಗೊತ್ತಾಗುತ್ತೆ."

"ಕೈ ನಂದೇ ಅತ್ತೆ. ಅಂಗಡಿ ಬೇರೆಯವರದು."

ಅತ್ತೆ ಅವಳ ಮುಖ ನೋಡಿದಳು. ಏನೋ ಹೇಳಲು ತುಟಿ ಅಲುಗಿತು. ಅದು ಹೊರಬರುವುದನ್ನು ಗಂಟಕ್ಕ ಕಾಯಲಿಲ್ಲ. ಇನ್ನೊಂದು ತುಂಡನ್ನು ಬಾಯಿಗಿಟ್ಟು, ಗಲ್ಲದ ಮೇಲಿಳಿದ ಎಣ್ಣೆ ಒರೆಸಿ, ಸಂಜೆಯ ಪಾಳಿಗೆ ಹೊತ್ತಾಯಿತೆಂದು ಎದ್ದಳು.