ಮೊಮ್ಮಗಳ ಎದೆಯಲ್ಲಿ ಕಂಡದ್ದು

ಮಲ್ಲಯ್ಯನನ್ನು ನಂಬಿದ ಎಲ್ಲರಿಗೂ ಐಗಳಿಯ ಶಾಂತವ್ವನ ಶರಣು. ಹೋದ ವರ್ಷ ಶ್ರಾವಣದಲ್ಲಿ ಹುಟ್ಟಿದ ನನ್ನ ಮೊಮ್ಮಗಳನ್ನು ನನ್ನ ಹಟವೇ ಸಾವಿನ ಬಾಗಿಲಿಗೆ ಒಯ್ದಿತ್ತು. ಅದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಮಗಳು ಸವಿತಾಳನ್ನು ಮುಗಳಖೋಡಕ್ಕೆ ಕೊಟ್ಟಿದ್ದೇವೆ. ಎಂಟು ವರ್ಷ ಅವಳಿಗೆ ಮಕ್ಕಳಿರಲಿಲ್ಲ. ಮಂಗಸೂಳಿ ಮಲ್ಲಯ್ಯನಿಗೆ ಹರಕೆ ಹೊತ್ತ ಮೇಲೆ ಬಸಿರಾಗಿ, ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಮರುದಿನ ಆಸ್ಪತ್ರೆಯಲ್ಲಿ ಮೈ ಒರೆಸುವಾಗ ನೋಡುತ್ತೇನೆ, ಗಂಟಲ ಗುಳಿಯ ಕೆಳಗೆ, ಎದೆಯ ನಟ್ಟನಡುವೆ ತೊಗಲು ಪಟಪಟನೆ ಮಿಡಿಯುತ್ತಿದೆ. ಕೂಸು ಅತ್ತರೆ ಅಲ್ಲಿ ನಿಂಬೆಹಣ್ಣಿನಷ್ಟು ಉಬ್ಬುತ್ತಿತ್ತು. ಉಸಿರು ಎಳೆದರೆ ಒಳಕ್ಕೆ ಕುಸಿಯುತ್ತಿತ್ತು.

ನರ್ಸ್ ಹುಡುಗಿಯೂ ಅದನ್ನು ನೋಡಿದಳು. "ಅಮ್ಮಾರ, ಇದು ಬರೊಬ್ಬರಿ ಇಲ್ರಿ. ಮಿರಜಿಗೆ ಒಯ್ದು ದೊಡ್ಡ ಡಾಕ್ಟರಿಗೆ ತೋರಸ್ರಿ," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ನಿನಗೇನ್ ಗೊತ್ತೈತಿ? ಹರಕಿ ಕೂಸು ಇದು. ಮಲ್ಲಯ್ಯ ಎದಿಯಾಗ ಕುಣ್ಯಾಕತ್ತಾನ!" ಎಂದು ಅವಳ ಬಾಯಿ ಮುಚ್ಚಿಸಿದೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಹೆಂಗಸರು ತೆಂಗಿನಕಾಯಿ ಹಿಡಿದು ಬಂದರು. ಒಬ್ಬೊಬ್ಬರೂ ಆ ಮಿಡಿಯುವ ಜಾಗಕ್ಕೆ ಬೆರಳೊತ್ತಿ ಭಂಡಾರ, ಅಂದರೆ ನಮ್ಮ ದೇವರ ಅರಿಷಿಣ ಪುಡಿ, ಹಚ್ಚಿ ಕೈಮುಗಿದರು. ನಾನೇ ದುಪ್ಪಟಿ ಸರಿಸಿ ಸರಿಸಿ ತೋರಿಸುತ್ತಿದ್ದೆ. ಎಂಥ ಜಂಬ ನನ್ನದು!

ಸವಿತಾ ಒಬ್ಬಳೇ ಕೈಮುಗಿಯಲಿಲ್ಲ. "ಅವ್ವಾ, ಹಾಲು ಕುಡಿಯೂವಾಗ ಕೂಸಿಗೆ ದಮ್ಮು ಹತ್ತಾಕತ್ತೈತಿ. ಆ ನರ್ಸ್ ಹೇಳಿದ್ದು..."

"ದೃಷ್ಟಿ ಆಗೈತಿ, ತಗೀತೀನಿ ತಡಿ," ಎಂದೆ.

ತೊಟ್ಟಿಲು ಹಾಕಿದ ಮರುದಿನ, ಅಂದರೆ ಹದಿಮೂರನೆಯ ದಿನ ಬೆಳಿಗ್ಗೆ, ಹರಕೆ ತೀರಿಸಲೆಂದು ತಾಯಿ ಮಗುವನ್ನು ಕರೆದುಕೊಂಡು ಮಂಗಸೂಳಿಗೆ ಹೊರಟೆ. ಅಥಣಿಯಲ್ಲಿ ಬಸ್ಸು ಬದಲಿಸುವಾಗಲೇ ಕೂಸು ಸೋತಿತ್ತು. ಮೊಲೆ ಬಾಯಿಗಿಟ್ಟರೂ ಚೀಪಲಿಲ್ಲ. ಸವಿತಾ ನನ್ನ ಮುಖ ನೋಡಲಿಲ್ಲ. ನಾನು ಏಳುಕೋಟಿ, ಏಳುಕೋಟಿ ಎಂದು ಮಲ್ಲಯ್ಯನ ಘೋಷ ಹೇಳುತ್ತ ಕುಳಿತಿದ್ದೆ. ಒಳಗೆ ಹೆದರಿಕೆ ಶುರುವಾಗಿತ್ತು, ಬಾಯಿಬಿಟ್ಟು ಹೇಳಲು ಮಾತ್ರ ಸೊಕ್ಕು ಬಿಡಲಿಲ್ಲ.

ಗುಡಿಯಲ್ಲಿ ವಯಸ್ಸಾದ ಪೂಜಾರಿ ಅಜ್ಜ ಭಂಡಾರ ಹಿಡಿದ ಕೈ ಮುಂದೆ ಚಾಚಿದವರು ಹಾಗೇ ನಿಲ್ಲಿಸಿದರು. ಬಗ್ಗಿ ಬಹಳ ಹೊತ್ತು ನೋಡಿದರು.

"ಇಲ್ಲಿ ಎಲುಬು ಎಲ್ಲೈತಿ?"

"ಅಜ್ಜಾರ, ಮಲ್ಲಯ್ಯ ಇದ್ರಾಗ..."

"ಮಲ್ಲಯ್ಯ ಗುಡಿಯಾಗ ಅದಾನವಾ. ಇದು ಕೂಸಿನ ಗುಂಡಿಗಿ. ಮ್ಯಾಲ ಬರೇ ತೊಗಲ ಐತಿ. ನಾ ಇದಕ್ಕ ಕೈ ಹಚ್ಚೂದಿಲ್ಲ. ಹರಕಿ ಎಲ್ಲೀಗೂ ಓಡಿ ಹೋಗೂದಿಲ್ಲ. ಮೊದಲ ದವಾಖಾನಿಗೆ ನಡೀರಿ!"

ಹನ್ನೆರಡು ದಿನ ನಾನು ಯಾರ ಮಾತನ್ನೂ ಕೇಳಿರಲಿಲ್ಲ. ದೇವರ ಬಾಗಿಲಲ್ಲಿ ನಿಂತವರು ಹೇಳಿದ ಮೇಲೆ ಕೇಳಿದೆ. ಕಾಯಿ ಒಡೆಸದೆ ಹೊರಬಿದ್ದು, ಕಾಗವಾಡಕ್ಕೆ ಬಂದು, ಮಿರಜಿನ ಬಸ್ಸು ಹತ್ತಿದೆವು.

ಮಿರಜಿನ ಮಕ್ಕಳ ಡಾಕ್ಟರು ಒದ್ದೆ ಹತ್ತಿಯಿಂದ ಭಂಡಾರ ಒರೆಸಿ ಕೇಳಿದರು. "ಯಾರರ ಇಲ್ಲಿ ಒತ್ತ್ಯಾರೇನು ಆಜೀ?"

"ಊರ ಮಂದೆಲ್ಲಾ ಒತ್ತ್ಯಾರ್ರಿ," ಎಂದಳು ಸವಿತಾ.

ಎದೆಯ ನಡುವಿನ ಎಲುಬು ಎರಡು ಹೋಳಾಗಿಯೇ ಉಳಿದಿದೆ, ಬಲು ಅಪರೂಪದ ದೋಷ ಎಂದು ಅವರು ತಿಳಿಸಿದರು. "ಹಿಂಗಿದ್ದಾಗ ಒಮ್ಮೊಮ್ಮೆ ಹೃದಯದಾಗೂ ದೋಷ ಇರ್ತೈತಿ, ಎದಿ ಹೊಟ್ಟಿ ನಡುವಿನ ಪರದಾನೂ ಕೂಡಿರೂದಿಲ್ಲ. ಎಕೋ ಮಾಡಿ ನೋಡ್ತೀನಿ. ಈಗ ಏನೂ ಹೇಳಾಕ ಬರೂದಿಲ್ಲ."

ಕೂಸನ್ನು ಒಳಗೆ ಒಯ್ದರು. ಬಾಗಿಲು ಮುಚ್ಚಿತು. ಹೊರಗಿದ್ದ ಬೆಂಚಿನ ಮೇಲೆ ಕುಳಿತು ನಾನು ಬೇಡಿಕೊಂಡದ್ದನ್ನು ಯಾವ ಭಕ್ತೆಯೂ ಬೇಡಿರಲಾರಳು. "ಮಲ್ಲಯ್ಯಾ, ನೀ ಆ ಎದಿಯಾಗ ಇರಬ್ಯಾಡಪ್ಪ. ಎದ್ದು ಹೊರಗ ಬಾ. ನನಗ ಗುರುತು ಬ್ಯಾಡ, ಪವಾಡ ಬ್ಯಾಡ. ಎಲ್ಲಾರ ಕೂಸಿನಂಥ ಕೂಸು ಕೊಡು ಸಾಕು." ಸವಿತಾಳ ಕೈ ಹಿಡಿಯಲು ಹೋದೆ. ಅವಳು ಕೈ ಎಳೆದುಕೊಂಡಳು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇಕಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. "ಹೃದಯ ಚಲೋ ಐತಿ. ತೂತಿಲ್ಲ. ಪರದಾನೂ ಬರೊಬ್ಬರಿ ಐತಿ. ಎಲುಬಷ್ಟ ಕೂಡಸಬೇಕು. ಮೊದಲನೇ ತಿಂಗಳದಾಗ ಎಲುಬು ಮೆತ್ತಗಿರ್ತೈತಿ, ಎಳದು ಹೊಲಿಯಾಕ ಬರ್ತೈತಿ. ತಡಾ ಮಾಡಿದ್ರ ಬಾಳ ಅವಘಡ ಆಗ್ತಿತ್ತು. ಯಾರು ಕಳಿಸಿದ್ರು ನಿಮ್ಮನ್ನ?"

"ಮಂಗಸೂಳಿ ಮಲ್ಲಯ್ಯ ಕಳಿಸ್ಯಾನ್ರಿ," ಎಂದು ಅಲ್ಲೇ ನೆಲಕ್ಕೆ ಕುಸಿದು ಅತ್ತೆ.

ನಾಲ್ಕು ದಿನ ಬಿಟ್ಟು ಆಪರೇಷನ್ ಆಯಿತು. ಮೂರು ದಿನ ಗಾಜಿನ ಆಚೆಯಿಂದಲೇ ನೋಡಿದೆವು. ನಾಲ್ಕನೆಯ ದಿನ ಸವಿತಾ ಕೂಸಿಗೆ ಹಾಲು ಕುಡಿಸಿದಳು. ದಮ್ಮು ಹತ್ತಲಿಲ್ಲ. ಆ ಹೊತ್ತಿಗೆ ಅವಳೇ ನನ್ನ ಕೈ ಹಿಡಿದಳು. ಊರಿಗೆ ಮರಳುವ ಮುಂಚೆ ಹೆರಿಗೆಯಾದ ಆಸ್ಪತ್ರೆಗೆ ಆ ನರ್ಸ್ ಹುಡುಗಿಯನ್ನು ಹುಡುಕಿಕೊಂಡು ಹೋಗಿ ತಪ್ಪಾಯಿತು ಎಂದು ಬಂದೆ.

ಮನೆಗೆ ಬಂದ ವಾರಕ್ಕೆ ಪಕ್ಕದ ಮನೆಯಾಕೆ ಮತ್ತೆ ಕಾಯಿ ಹಿಡಿದು ಬಂದಳು. ಕೂಸಿನ ಎದೆಯಲ್ಲಿ ಹೊಲಿಗೆಯ ಗೆರೆಯಷ್ಟೇ ಇದ್ದದ್ದು ನೋಡಿ ಅವಳ ಮುಖ ಸಪ್ಪಗಾಯಿತು.

"ಯಕ್ಕಾ, ಈಗ ಕುಣ್ಯೂದು ಏನೂ ಕಾಣೂದಿಲ್ಲಲ್ಲ?"

"ಹೌದವಾ, ಏನೂ ಕಾಣೂದಿಲ್ಲ. ಅದನ್ನ ಬೇಡಕೊಂಡಿದ್ನಿ, ಅದನ್ನ ಕೊಟ್ಟಾನ," ಎಂದೆ.